ನಾಲ್ಕು ಮೊಳ

ಗೆಟ್ಸೆಲ್ ಮೇಷ್ಟ್ರು ಕಣ್ಣು ಬಿಟ್ಟರು. ಪ್ರಾಣವನ್ನು ಮರಳಿ ಕೊಟ್ಟ ದೇವರಿಗೆ ಮಲಗಿದಲ್ಲೇ ಕೃತಜ್ಞತೆ ಹೇಳಿ, ಎದ್ದು ಕೂತು, ಮಂಚದ ಪಕ್ಕಕ್ಕೆ ಕೈ ಚಾಚಿದರು. ಕೈಗೆ ಬರೀ ನೆಲ ತಗುಲಿತು. ಎರಡು ಹಿಡಿಕೆಯ ತಂಬಿಗೆಯೂ ಇಲ್ಲ, ಬೋಗುಣಿಯೂ ಇಲ್ಲ. ಮದುವೆಯಾದ ಲಾಗಾಯ್ತು ಫ್ರುಮಾ ಒಂದು ರಾತ್ರಿಯೂ ತಪ್ಪದೆ ಅವನ್ನು ಅಲ್ಲಿಟ್ಟೇ ಮಲಗುತ್ತಿದ್ದಳು.

"ಫ್ರುಮಾ! ನೀರೆಲ್ಲಿ?"

"ಅಡುಗೆಮನೇಲಿ."

ನಿದ್ದೆಯಲ್ಲಿ ಕೈಗಂಟಿದ ಅಶುದ್ಧಿ ನೀರು ಸುರಿದುಕೊಂಡ ಮೇಲೇ ಹೋಗುವುದು. ಅಲ್ಲಿಯವರೆಗೆ ನಾಲ್ಕು ಮೊಳ ಕೂಡ ನಡೆಯಕೂಡದು. ಯೆರೂಸಲೇಮಿನ ಆ ಯೆಹೂದಿ ಓಣಿಯ ಮಕ್ಕಳಿಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದವರೇ ಮೇಷ್ಟ್ರು. ಮೈಗೂ ಬಟ್ಟೆಗೂ ತಾಗದಂತೆ ಕೈಗಳನ್ನು ಮುಂದೆ ಚಾಚಿಕೊಂಡು ಮಂಚದ ಅಂಚಿನಲ್ಲೇ ಕೂತರು.

ಫ್ರುಮಾ ಬಾಗಿಲಿಗೆ ಬಂದು ನಿಂತಳು. ತಲೆಗೆ ಹೊರಗೆ ಹೋಗುವಾಗ ಕಟ್ಟುವ ವಸ್ತ್ರ, ತೋಳಿನಲ್ಲಿ ಚೀಲ.

"ಮರೆತುಬಿಟ್ಟೆಯಾ?"

"ಮರೀಲಿಲ್ಲ. ಬೇಕಂತಲೇ ಇಡಲಿಲ್ಲ."

ಅವತ್ತು ಹೈಫಾದಲ್ಲಿ ಮಗಳು ಪೆನಿನಾಳ ಮಗುವಿಗೆ ಎಂಟನೆಯ ದಿನ, ಮಧ್ಯಾಹ್ನ ಸುನ್ನತಿ. ಓಣಿಯ ನೇಮನಿಷ್ಠೆಯನ್ನೆಲ್ಲ ಬಿಟ್ಟು ಅವಳು ಈಜು ಕಲಿಸುವ ಯೋತಮ್ ಎಂಬುವನನ್ನು ಮದುವೆಯಾದ ಮೇಲೆ ಮೇಷ್ಟ್ರು ಅವಳ ಹೆಸರೆತ್ತಿರಲಿಲ್ಲ. ಆದರೂ ಅವಳು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದಳು, ಸುನ್ನತಿಯ ಹೊತ್ತಿಗೆ ಮಗು ಅಜ್ಜನ ತೊಡೆಯ ಮೇಲೇ ಇರಬೇಕು ಎಂದು. ರಾತ್ರಿ ಫ್ರುಮಾ ಆ ಮಾತು ತೆಗೆದಾಗ ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಇದೇನು ಮಕ್ಕಳಾಟ! ತಂದ್ಕೊಡು ನೀರು."

"ಹೈಫಾಕ್ಕೆ ಬರ್ತೀರಾ?"

"ಶನಿವಾರ, ಸಬ್ಬತ್ತಿನ ಪವಿತ್ರ ದಿನಾನೂ ಸಮುದ್ರಕ್ಕೆ ಹೋಗೋರ ಮನೆಗೆ ನಾನು ಕಾಲಿಡಲ್ಲ. ಅಳಿಯನಂತೆ, ಅಳಿಯ! ಊರ ಹುಡುಗರಿಗೆಲ್ಲ ಈಜು ಕಲಿಸ್ಕೊಂಡು..."

"ಅಪ್ಪನಾದವನು ಮಗನಿಗೆ ಈಜು ಕಲಿಸಬೇಕು ಅಂತ ಶಾಸ್ತ್ರದಲ್ಲೇ ಇದೆ ಅಂತೀರಲ್ರೀ. ನೀವು ಯಾರಿಗೆ ಕಲಿಸಿದ್ರಿ? ಶುದ್ಧಿಗೆ ಅಂತ ಮುಳುಗು ಹಾಕೋ ಕೊಳಕ್ಕೆ ಇಳಿಯೋಕೂ ಗೋಡೆ ಹಿಡ್ಕೋತೀರಿ."

ಬಂದ ನಗುವನ್ನು ಮೇಷ್ಟ್ರು ಗಡ್ಡದೊಳಗೇ ಅಡಗಿಸಿದರು. "ಅಡುಗೆಮನೆ ನಾಲ್ಕು ಮೊಳಕ್ಕಿಂತ ದೂರ ಇದೆ."

"ಇಡೀ ಮನೇನೇ ನಾಲ್ಕು ಮೊಳದ ಹಾಗೆ ಅಂದ ಪಂಡಿತರೂ ಇದ್ದಾರಂತೆ. ನೀವೇ ಹೇಳಿದ್ದು."

"ಅದು ಬೇರೆ ದಾರಿ ಇಲ್ಲದವರಿಗೆ ಕೊಟ್ಟ ರಿಯಾಯಿತಿ ಕಣೆ. ನಾನು ಯಾವತ್ತೂ ರಿಯಾಯಿತಿ ತಗೊಂಡವನಲ್ಲ."

"ತಗೊಂಡವರೂ ಅಲ್ಲ, ಕೊಟ್ಟವರೂ ಅಲ್ಲ." ಫ್ರುಮಾಳ ದನಿ ತಗ್ಗಿತು. "ನಾನು ಹೊರಟೆ. ನಿಮಗೆ ತಿಳಿದ ಹಾಗೆ ಮಾಡಿ."

ಬಾಗಿಲು ಮುಚ್ಚಿತು. ಅವಳ ಹೆಜ್ಜೆ ಕಲ್ಲುಮೆಟ್ಟಿಲಿಳಿದು ಕೇಳದಾಯಿತು. ಈಗ ಬರುತ್ತಾಳೆ, ಇನ್ನೇನು ಬರುತ್ತಾಳೆ ಎಂದು ಮೇಷ್ಟ್ರು ಕಾದರು. ಬರಲಿಲ್ಲ. ಎತ್ತಿ ಹಿಡಿದ ತೋಳುಗಳು ಸೋತು ಬಂದವು. ಚಿಕ್ಕವಳಿದ್ದಾಗ ಪೆನಿನಾ ಇದೇ ಮಂಚದ ಮೇಲೆ ಅವರಿಗೆ ಒತ್ತಿಕೊಂಡು ಕೂತು ಕೈ ಚಾಚುತ್ತಿದ್ದಳು. ಅವಳು ಕೈ ಒದರಿದ ಹೊಡೆತಕ್ಕೆ ಬೋಗುಣಿಗಿಂತ ಹಾಸಿಗೆಗೇ ಹೆಚ್ಚು ನೀರು ಬೀಳುತ್ತಿತ್ತು. ಆಗ ಬೈದದ್ದು ಅವರಿಗೆ ನೆನಪಿಲ್ಲ. ಇವತ್ತು ಅವಳ ಮಗು ಯಾರ ತೊಡೆಯ ಮೇಲೆ ಮಲಗೀತು? ನೆರೆಮನೆಯವನೊಬ್ಬ ಸಿಕ್ಕಿಯಾನು. ಅಜ್ಜ ಇದ್ದೂ ನೆರೆಮನೆಯವನು.

ಮೇಷ್ಟ್ರು ಎದ್ದರು. ಕನ್ನಡಿ ಹೊತ್ತವರ ಹಾಗೆ ಕೈಗಳನ್ನು ಮುಂದಿಟ್ಟುಕೊಂಡು, ನಾಲ್ಕು ಮೊಳ ದಾಟಿ, ನಡುಮನೆ ದಾಟಿ, ಅಡುಗೆಮನೆಗೆ ನಡೆದರು. ಕಟ್ಟೆಯ ಮೇಲೆ ತಂಬಿಗೆ ಕಂಠಮಟ್ಟ ತುಂಬಿತ್ತು. ಪಕ್ಕದ ಕುರ್ಚಿಗೆ ಅವರ ಸಬ್ಬತ್ತಿನ ಕಪ್ಪು ಕೋಟನ್ನು ಧೂಳು ಒರೆಸಿ ಹಾಕಿದ್ದಳು. ಬಲಗೈಗೆ, ಎಡಗೈಗೆ, ಮತ್ತೆ ಬಲಗೈಗೆ, ಎಡಗೈಗೆ, ಹೀಗೆ ಒಂದೊಂದಕ್ಕೂ ಮೂರು ಸಲ ಸುರಿದುಕೊಂಡರು. ಮಂತ್ರ ಹೇಳುವಾಗ ನಾಲಿಗೆ ಒಂದು ಕ್ಷಣ ತಡವರಿಸಿತು.

ಕೋಟು ತೊಟ್ಟು, ಪ್ರಾರ್ಥನೆಯ ಶಾಲಿನ ಚೀಲ ಕಂಕುಳಲ್ಲಿಟ್ಟುಕೊಂಡು ಇಳಿದರೆ, ಫ್ರುಮಾ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಹೋಗಲಿಲ್ವಾ?"

"ಮಂಡಿ ನೋವು," ಎಂದಳು, ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತ. "ಬೆಳಗಿನ ಪ್ರಾರ್ಥನೆ?"

"ಯೆರೂಸಲೇಮಿನ ಕಡೆ ಮುಖ ಮಾಡಿ ನಿಂತರಾಯ್ತು. ಹೈಫಾದಿಂದ ಅದು ಯಾವ ಕಡೆ ಅಂತ ನನಗೆ ಗೊತ್ತು. ಏಳು."

ಓಣಿಯ ತಿರುವಿನಲ್ಲಿ ಮೇಷ್ಟ್ರು ಬೇಕರಿಯ ಮುಂದೆ ನಿಂತುಬಿಟ್ಟರು. ಒಳಗೆ ಓಣಿಯ ಅರ್ಧ ಜನ ಸಾಲಿನಲ್ಲಿದ್ದರು. ಬೇಕರಿಯ ಲೇಬುಶ್ ಕೋಟನ್ನು ನೋಡಿ ಹುಬ್ಬೇರಿಸಿದ.

"ಏನ್ ಮೇಷ್ಟ್ರೇ, ಮಂಗಳವಾರಾನೇ ಸಬ್ಬತ್ತಾ?"

"ಗಸಗಸೆ ರೊಟ್ಟಿ ಕೊಡಯ್ಯಾ, ದೊಡ್ಡದು. ಬಾಣಂತಿಗೆ."

"ಯಾರು ಬಾಣಂತಿ?"

"ನನ್ನ ಮಗಳು. ಪೆನಿನಾ." ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ ಅದು. "ಗಂಡುಮಗು. ಹೈಫಾಕ್ಕೆ ಹೊರಟಿದ್ದೀವಿ. ಬಿಸಿಯಾಗಿರೋದನ್ನೇ ಕೊಡು."

ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು. ಲೇಬುಶ್ ಒಲೆಯಿಂದ ಆಗ ತಾನೆ ತೆಗೆದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತ, "ಹೈಫಾ ಮುಟ್ಟೋಷ್ಟರಲ್ಲಿ ಆರಿಹೋಗಿರುತ್ತಲ್ಲ ಮೇಷ್ಟ್ರೇ," ಎಂದ.

ಮೇಷ್ಟ್ರು ಸಬ್ಬತ್ತಿನ ಕೋಟಿನ ಗುಂಡಿ ಬಿಚ್ಚಿ, ಎಣ್ಣೆ ಜಿನುಗುವ ಆ ಪೊಟ್ಟಣವನ್ನು ಎದೆಗೆ ಒತ್ತಿಟ್ಟುಕೊಂಡು, ಮೇಲಿನವರೆಗೂ ಗುಂಡಿ ಹಾಕಿಕೊಂಡರು.