ನೀರಿಲ್ಲದ ಯಂತ್ರಗಳು

ವಿಧಾನಸಭೆಯ ಲೆಕ್ಕಪತ್ರ ಸಮಿತಿಯಲ್ಲಿ ಹಿಂದಿನ ಸರ್ಕಾರದ ಖರ್ಚುಗಳ ವಿಚಾರಣೆ ನಡೆಯುತ್ತಿತ್ತು. ಸಂಪ್ರದಾಯದಂತೆ ಅಧ್ಯಕ್ಷರು ವಿರೋಧ ಪಕ್ಷದವರು, ಅಂದರೆ ಹಿಂದಿನ ಸರ್ಕಾರದವರೇ. ಎದುರಿಗೆ ಕುಳಿತಿದ್ದವನು ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರಗಳನ್ನು ಕೊಂಡ ಅಧಿಕಾರಿ.

“ನೀರಿನ ಸಂಪರ್ಕವೇ ಇಲ್ಲದ ಕಡೆ ಯಂತ್ರ ಯಾಕ್ರೀ ತಗೊಂಡ್ರಿ?” ಸದಸ್ಯೆಯೊಬ್ಬರು ಕೇಳಿದರು.

“ತಪ್ಪಾಯ್ತು ಮೇಡಂ.”

“ಬಿಂದಿಗೇಲಿ ಹೊತ್ತು ಹಾಕೋಣ ಅಂದ್ಕೊಂಡಿದ್ರೇನೋ!” ಪಕ್ಕದ ಸದಸ್ಯರು ಅಂದರು. ಎಲ್ಲರೂ ನಕ್ಕರು.

ಅಧಿಕಾರಿ ತಲೆ ತಗ್ಗಿಸಿದ. ಆ ಊರಿನ ಕಿಡ್ನಿ ರೋಗಿಗಳು ಈಗಲೂ ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಹೋಗುತ್ತಾರೆ. ಒಮ್ಮೆ ಅವನೂ ಅದೇ ಬಸ್ಸಿನಲ್ಲಿದ್ದ. ಕಾಲು ಊದಿದ ಹೆಂಗಸೊಬ್ಬಳು, ಅವನ್ಯಾರೆಂದು ತಿಳಿಯದೆ, ಸರಿದು ಕುಳಿತು ಜಾಗ ಕೊಟ್ಟಿದ್ದಳು. ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ.

“ನೀರು ಬರೋವರೆಗೂ ಬೇಡ ಅಂತ ಮೊದಲು ನೀವೇ ಬರೆದಿದ್ದೀರಿ. ಮರುದಿನವೇ ಒಪ್ಪಿಗೆ ಕೊಟ್ಟಿದ್ದೀರಿ. ಮಧ್ಯೆ ಯಾರಾದ್ರೂ ಫೋನ್ ಮಾಡಿದ್ರಾ?”

“ಮಾಡಿದ್ರು ಮೇಡಂ.”

“ಯಾರು?”

“ಬಿಡಿ ಮೇಡಂ. ಸಹಿ ಹಾಕಿದ್ದು ನಾನು. ಪಿಂಚಣಿ ಹೋದರೂ ಹೋಗಲಿ.”

ಅಧ್ಯಕ್ಷರು ನೀರಿನ ಲೋಟವನ್ನು ಅವನತ್ತ ಸರಿಸಿದರು. ಅವರ ದನಿಯಲ್ಲಿ ಅಕ್ಕರೆಯಿತ್ತು.

“ಎಷ್ಟೇ ದೊಡ್ಡವರಿರಲಿ, ನಮ್ಮ ಪಕ್ಷದವರೇ ಇರಲಿ, ಹೆಸರು ಹೇಳಿ. ಹೆದರಬೇಡಿ, ನಿಮ್ಮ ಹಿಂದೆ ನಾನಿದ್ದೀನಿ.”

ಅಧಿಕಾರಿ ಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದ.

“ಅವತ್ತು ಫೋನಿನಲ್ಲೂ ಇದೇ ಮಾತು ಹೇಳಿದ್ರಿ ಸಾರ್.”