ಬೆರಳು ಮಡಚಬಾರದು

"ಉಗಿ ಅದನ್ನ!" ಎಂದು ಟೀಚರ್ ಕಸದ ಬುಟ್ಟಿಯನ್ನೇ ಎತ್ತಿ ಹುಡುಗಿಯ ಗಲ್ಲದ ಕೆಳಗೆ ಹಿಡಿದರು. ಎಂಟಕ್ಕೆ ಐದು ಕೂಡಿದರೆ ಎಷ್ಟು ಎಂದು ಕೇಳಿದ್ದಕ್ಕೆ, ಒಂದನೇ ಕ್ಲಾಸಿನ ಆ ಪುಟಾಣಿ ಕೈಕಟ್ಟಿ ನಿಂತು, ಬಾಯೊಳಗೆ ಏನನ್ನೋ ಹೊರಳಿಸುತ್ತ "ಹನ್ನೆರಡು" ಎಂದಿದ್ದಳು. ನಿನ್ನೆ ಇದೇ ಲೆಕ್ಕಕ್ಕೆ ಥಟ್ಟನೆ ಹದಿಮೂರು ಎಂದವಳು!

ಹುಡುಗಿ ಬಾಯಿ ತೆರೆದಳು. ಮಿಠಾಯಿಯೂ ಇಲ್ಲ, ಮಣ್ಣೂ ಇಲ್ಲ. ಮೇಲಿನ ಸಾಲಿನ ಮುಂದುಗಡೆ ಒಂದು ಕಿಂಡಿ ಮಾತ್ರ. "ಏನೂ ತಿಂತಿಲ್ಲ ಟೀಚರ್. ಹಲ್ಲು ಎಣಿಸ್ತಿದ್ದೆ. ಎಂಟು ತಲೇಲಿ ಇಟ್ಕೊಂಡು, ಈ ಕಡೆ ಮೇಲಿನ ಹಲ್ಲೆಲ್ಲ ನಾಲಿಗೇಲಿ ಮುಟ್ಟಿದ್ರೆ ಸರಿಯಾಗಿ ಐದಾಗ್ತಿತ್ತು. ಬೆಳಿಗ್ಗೆ ಒಂದು ಬಿದ್ದೋಯ್ತು."

ಕ್ಲಾಸೆಲ್ಲ ಗೊಳ್ಳೆಂದಿತು. ಟೀಚರ್‌ಗೂ ನಗು ಉಕ್ಕಿತ್ತು, ಆದರೆ ಅವಳು ಕಂಕುಳಲ್ಲಿ ಅವುಚಿಕೊಂಡಿದ್ದ ಬೆರಳುಗಳನ್ನು ಕಂಡು ಅಲ್ಲೇ ನಿಂತುಬಿಟ್ಟಿತು. ಬೆರಳು ಮಡಚಿ ಎಣಿಸಿದರೆ ಸ್ಕೇಲಿನಲ್ಲಿ ಏಟು ಎಂಬ ಕಟ್ಟಳೆ ಅವರದೇ. ಮಕ್ಕಳು ಮನಸ್ಸಿನಲ್ಲೇ ಕೂಡಲು ಕಲಿಯಲಿ ಅಂತ ಮಾಡಿದ್ದು. ಎಂಟಕ್ಕೆ ಎರಡು ಸೇರಿಸಿ ಮೊದಲು ಹತ್ತು ಮಾಡಿಕೋ, ಉಳಿದ ಮೂರನ್ನು ಆಮೇಲೆ ಸೇರಿಸು ಎಂದು ಹೇಳಿಕೊಡಲು ಮಾತ್ರ ಅವರಿಗೆ ಇಷ್ಟು ದಿನ ಪುರುಸೊತ್ತಾಗಿರಲಿಲ್ಲ.

ಅವರು ಬುಟ್ಟಿ ಕೆಳಗಿಟ್ಟು, ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಸೀಮೆಸುಣ್ಣ ಮೆತ್ತಿದ ತಮ್ಮ ಹತ್ತೂ ಬೆರಳು ಬಿಡಿಸಿ ಹಿಡಿದರು. "ಬಾ ಪುಟ್ಟಿ, ಇದರಲ್ಲಿ ಎಣಿಸೋಣ."

ಹತ್ತಿರ ಬಂದ ಆ ಕೈಗಳನ್ನು ನೋಡಿ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಇನ್ಮೇಲೆ ಹಲ್ಲೂ ಎಣಿಸಲ್ಲ ಟೀಚರ್," ಎಂದವಳೇ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.