ಎತ್ತಿದ ಕಾಲು

ರಾಗಿ ಸೀದ ವಾಸನೆ ಬಂದರೆ ಈಗಲೂ ನನಗೆ ಕಾವೇರಿ ದಂಡೆಯ ಆನೆ ಬಿಡಾರದ ಆ ಮಧ್ಯಾಹ್ನವೇ ನೆನಪಾಗುತ್ತದೆ. ಅಪ್ಪ ಅಲ್ಲಿ ಮಾವುತ. "ಪೆಟ್ಟು ಬಿದ್ರೇನೇ ಅಭ್ಯಾಸ ಆಗೋದು" ಅನ್ನುತ್ತಿದ್ದ. ಅವನ ಬಿದಿರುಕೋಲು ಮೈಗೆ ಬಿದ್ದೊಡನೆ ನಮ್ಮ ಹೆಣ್ಣಾನೆ ಮುಂಗಾಲು ಎತ್ತುತ್ತಿತ್ತು. ಇಳಿಸು ಅನ್ನುವವರೆಗೆ ಇಳಿಸುತ್ತಿರಲಿಲ್ಲ.

ಅಂದು ಆನೆಗೆ ಬೇಯಿಸುತ್ತಿದ್ದ ರಾಗಿ ತಳ ಹಿಡಿದಿತ್ತು. ಕುಡಿದು ಬಂದ ಅಪ್ಪ ಅದೇ ಕೋಲಿನಿಂದ ಅಂಗಳದಲ್ಲಿ ಅವ್ವನನ್ನು ಬಡಿದ. ಕೋಲು ಸೀಳಿಹೋಯಿತು, ಅವಳ ತುಟಿ ಒಡೆಯಿತು. ಮರಕ್ಕೆ ಕಟ್ಟಿದ್ದ ಆನೆ ಆ ಸದ್ದಿಗೇ ಕಾಲೆತ್ತಿ ನಿಂತಿತು.

ಅಪ್ಪ ಕೋಲೆಸೆದು ಹೋದ. ಆನೆ ಕಾಲು ಇಳಿಸಲಿಲ್ಲ, ನಡುಗುತ್ತಿತ್ತು. ಅವ್ವ ತೆವಳಿಕೊಂಡು ಹೋಗಿ ಆ ಕಾಲನ್ನು ತಬ್ಬಿ, ರಕ್ತ ಉಗುಳಿ ಹೇಳಿದಳು: "ಇಳ್ಸವ್ವಾ. ನಿಂಗಲ್ಲ ಹೊಡ್ದಿದ್ದು."